ಎಂಟು ಸಾವಿರದ ನೂರ ತೊಂಬತ್ತಮೂರನೆಯ ಅಕ್ಷರ

ಸಾಯುವ ಮನುಷ್ಯ ಕೊನೆಗೆ ನೆನೆಯುವುದು ಮೂರನ್ನೇ: ನೀರು, ಫ್ಯಾನು, ತಲೆಗೆ ಕಟ್ಟಿದ ಪಟ್ಟಿಯ ಬಿಗಿ. ಹೆಂಡತಿ ಮಕ್ಕಳನ್ನಲ್ಲ, ದೇವರನ್ನಂತೂ ಅಲ್ಲವೇ ಅಲ್ಲ. ಇದು ನಮ್ಮ ಕಾಲದಲ್ಲಿ ಶಾಲೆಯ ಮಕ್ಕಳಿಗೂ ಗೊತ್ತಿದ್ದ ಸಂಗತಿ. ಪ್ರವಚನಕಾರರು ಇದರ ಮೇಲೆ ಗಂಟೆಗಟ್ಟಲೆ ಮಾತಾಡುತ್ತಿದ್ದರು. ಸತ್ತವರ ಫೋಟೋದ ಮುಂದೆ ಒಂದು ಲೋಟ ನೀರಿಟ್ಟು ಫ್ಯಾನು ಹಚ್ಚುವ ಪದ್ಧತಿ ಹುಟ್ಟಿದ್ದೂ ಇದರಿಂದಲೇ. ಜಾತಿ ಧರ್ಮ ಎನ್ನದೆ ಎಲ್ಲರ ಮನೆಗೂ ಅದು ಹೊಕ್ಕಿತ್ತು. ಜನರಿಗೆ ಈ ಜ್ಞಾನ ಹಂಚಿದವರು ನಾವು, ಗದುಗಿನ ವಾಕ್‌ಭಂಡಾರದ ಎರಡನೇ ಮಹಡಿಯಲ್ಲಿ ಕಂಪ್ಯೂಟರಿನ ಮುಂದೆ ಕೂತಿದ್ದ ಐದು ಮಂದಿ ಗುಮಾಸ್ತರು.

ನನ್ನ ಹೆಸರು ನೀಲಾಂಬಿಕಾ ಕಣಗಿನಹಾಳ. ಆಗ ನನಗೆ ಐವತ್ತೆರಡು. ಭಂಡಾರ ಶುರುವಾದ ವರ್ಷವೇ ಸೇರಿದವಳು, ಹನ್ನೊಂದು ವರ್ಷ ಅದೇ ಕುರ್ಚಿಯಲ್ಲಿ ಕೂತವಳು. ಕಪ್ಪತಗುಡ್ಡದ ಗಾಳಿಯಂತ್ರಗಳ ಕರೆಂಟು ಹತ್ತಿರದಲ್ಲೇ ಸಿಗುತ್ತದೆಂದು ರಾಜ್ಯಕ್ಕೆಲ್ಲ ಒಂದೇ ಭಂಡಾರವನ್ನು ನಮ್ಮ ಊರಲ್ಲಿ ಕಟ್ಟಿದ್ದರು.

ಪಾರ್ಶ್ವವಾಯು ಹೊಡೆದು ಮಾತು ಹೋದವರಿಗೆ, ಗಂಟಲಿಗೆ ನಳಿಕೆ ಇಳಿಸಿದವರಿಗೆ ಆಸ್ಪತ್ರೆಯಲ್ಲಿ ತಲೆಪಟ್ಟಿ ಕಟ್ಟುತ್ತಿದ್ದರು. ಬಾಯಿ ಆಡದಿದ್ದರೂ ಮನುಷ್ಯ ಒಳಗೊಳಗೇ ಮಾತಾಡುತ್ತಾನಲ್ಲ, ಆ ಮಾತನ್ನು ಪಟ್ಟಿ ಹಿಡಿಯುತ್ತಿತ್ತು, ಪದ ಪದವಾಗಿ ನಮ್ಮ ಡೇಟಾಬೇಸಿಗೆ ಕಳಿಸುತ್ತಿತ್ತು. ಮೊದಮೊದಲು ವೈದ್ಯರು ಅದನ್ನು ಆಗಿಂದಾಗಲೇ ಓದಿ ಹೇಳುತ್ತಿದ್ದರಂತೆ. ಆಸ್ತಿಯ ಜಗಳಗಳು ಶುರುವಾದವು, ಕೋರ್ಟು ನಡುವೆ ಬಂತು. ಜೀವ ಇರುವ ತನಕ ಮನಸ್ಸು ಅವರವರದು, ಯಾರೂ ತೆರೆಯಕೂಡದು ಎಂದು ನಿಯಮವಾಯಿತು. ಸತ್ತ ಮೇಲೆ ಮನೆಯವರು ಅರ್ಜಿ ಕೊಟ್ಟರೆ ಒಂದು ಪ್ರತಿ. ನಮ್ಮ ಕಡೆ ಶಿವಗಣಾರಾಧನೆಯ ದಿನ, ಮುಸಲ್ಮಾನರಲ್ಲಿ ನಲವತ್ತನೇ ದಿನ ಅದನ್ನು ಮನೆಮಂದಿಯ ಮುಂದೆ ಓದುತ್ತಿದ್ದರು. ಓದಲು ಐದು ನಿಮಿಷವೂ ಬೇಕಾಗುತ್ತಿರಲಿಲ್ಲ. ನೀರು, ಫ್ಯಾನು, ಬಿಗಿ ಅಷ್ಟೆ. ಆಮೇಲೆ ಊಟ.

ಆ ಪ್ರತಿ ತೆಗೆಯುವುದು ನನ್ನ ಕೆಲಸ. ಸತ್ತವರ ನಂಬರು ಹಾಕಿ ಕ್ವೆರಿ, ಅಂದರೆ ಡೇಟಾಬೇಸಿಗೊಂದು ಪ್ರಶ್ನೆ, ಕೊಟ್ಟರೆ ಪರದೆಯ ಮೇಲೆ ಎಕ್ಸ್‌ಎಂಎಲ್ ಬರುತ್ತಿತ್ತು. ಎಕ್ಸ್‌ಎಂಎಲ್ ಅಂದರೆ ದೊಡ್ಡ ವಿದ್ಯೆಯೇನಲ್ಲ. ಪ್ರತಿ ಸಂಗತಿಯ ಮುಂದೊಂದು ಚೀಟಿ, ಹಿಂದೊಂದು ಚೀಟಿ. ಮುಂದಿನದು ತೆರೆಯುವ ಟ್ಯಾಗು, ಹಿಂದಿನದು ಮುಚ್ಚುವ ಟ್ಯಾಗು. ರೋಗಿ ಎಂಬ ಟ್ಯಾಗಿನೊಳಗೆ ದಿನ, ದಿನದೊಳಗೆ ಗಂಟೆ, ಗಂಟೆಯೊಳಗೆ ಪದ, ಪದದ ಜೊತೆಗೆ ನಾಡಿ, ಉಸಿರು, ಹೊತ್ತು. ಹೊತ್ತನ್ನು ಹದಿಮೂರು ಅಂಕಿಯ ಸಂಖ್ಯೆಯಲ್ಲಿ ಬರೆದಿರುತ್ತಿದ್ದರಿಂದ ಅದನ್ನು ಓದುವ ತೊಂದರೆಗೆ ಯಾರೂ ಹೋಗುತ್ತಿರಲಿಲ್ಲ. ತೆರೆದ ಪ್ರತಿಯೊಂದು ಟ್ಯಾಗನ್ನೂ ಮುಚ್ಚಿರಬೇಕು. ಒಂದು ಬಾಕಿ ಇದ್ದರೂ ಮುದ್ರಣಯಂತ್ರ ಕಾಗದ ಹೊರಹಾಕುತ್ತಿರಲಿಲ್ಲ.

ವಿಚಿತ್ರವೆಂದರೆ ಬಂದ ಯಾವ ದಾಖಲೆಯೂ ಮುಚ್ಚಿರುತ್ತಿರಲಿಲ್ಲ. ಕೊನೆಯ ಪದ ಅರ್ಧಕ್ಕೇ ನಿಂತಿರುತ್ತಿತ್ತು, ಟ್ಯಾಗುಗಳೆಲ್ಲ ಬಾಯಿ ತೆರೆದುಕೊಂಡಿರುತ್ತಿದ್ದವು. ನಮ್ಮ ವಿಭಾಗದ ಮುಖ್ಯಸ್ಥರಾದ ಗುರುಪಾದಪ್ಪ ಮೊದಲ ವಾರದಲ್ಲೇ ಇದಕ್ಕೆ ಅರ್ಥ ಹೇಳಿಕೊಟ್ಟಿದ್ದರು. ಜೀವ ಹೋಗುವಾಗ ಮಾತು ನಡುವೆಯೇ ನಿಲ್ಲುತ್ತದೆ, ಮುಚ್ಚುವವರು ಯಾರು? ನಾವೇ ಮುಚ್ಚಬೇಕು. ಅರ್ಧ ಪದವನ್ನು ಅಳಿಸಿ, ಒಳಗಿನಿಂದ ಹೊರಗೆ ಒಂದೊಂದೇ ಮುಚ್ಚುವ ಟ್ಯಾಗು ಕೈಯಿಂದ ಹೊಡೆಯುವುದು: ಪದ, ಗಂಟೆ, ದಿನ, ರೋಗಿ. ಸತ್ತವರ ಕಣ್ಣು ಮುಚ್ಚಿಸಿದ ಹಾಗೆ, ಪುಣ್ಯದ ಕೆಲಸ ಎನ್ನುತ್ತಿದ್ದರು ಅವರು. ಹೊಸದಾಗಿ ಸೇರಿದವರಿಗೆ ನಾವು ಮೊದಲು ಕಲಿಸುತ್ತಿದ್ದದ್ದು ಇದನ್ನೇ. ನಮ್ಮ ಐವರಲ್ಲಿ ನಾನೇ ಚುರುಕು. ಒಂದು ದಾಖಲೆ ಮುಚ್ಚಲು ನನಗೆ ಹನ್ನೆರಡು ಸೆಕೆಂಡು ಸಾಕಿತ್ತು, ಅದರ ಬಗ್ಗೆ ಜಂಬವೂ ಇತ್ತು.

ನನ್ನ ಗಂಡ ವಿರೂಪಾಕ್ಷಪ್ಪನವರ ದಾಖಲೆಯನ್ನೂ ನಾನೇ ಮುಚ್ಚಿದೆ. ಈ ಕಥೆ ನಡೆಯುವುದಕ್ಕೆ ನಾಲ್ಕು ವರ್ಷ ಮುಂಚೆ. ಅವರು ಬೆಟಗೇರಿಯಲ್ಲಿ ಮಗ್ಗಗಳ ಮೆಕ್ಯಾನಿಕ್. ಒಂದು ಮುಂಜಾನೆ ಮಗ್ಗದ ಪಕ್ಕದಲ್ಲೇ ಬಿದ್ದರು, ಮತ್ತೆ ಮಾತು ಬರಲಿಲ್ಲ. ನೂರ ಮೂರು ದಿನ ಪಟ್ಟಿ ಕಟ್ಟಿಕೊಂಡು ಮಲಗಿದ್ದು ಹೋದರು. ಅವರ ಪ್ರತಿ ತೆಗೆಯುವ ಕೆಲಸವನ್ನು ಬೇರೆಯವರಿಗೆ ಕೊಡಬಹುದಿತ್ತು, ಆದರೆ ನನಗೆ ಬೇಕಾಗಿದ್ದದ್ದು ಒಂದಿತ್ತು: ಆ ಕಾಗದದಲ್ಲಿ ನನ್ನ ಹೆಸರು. ಇಪ್ಪತ್ತೆಂಟು ವರ್ಷ ಬಾಳಿದ್ದೆ. ಇರಲಿಲ್ಲ. "ಬಿಗಿ ಐತಿ. ನೀರು. ಫ್ಯಾನ್ ಹಚ್ಚ್ರಿ. ಯಾರದೀರಿ, ಫ್ಯಾನ್ ಹಚ್ಚ್ರಿ." ಅಷ್ಟೇ. ನಾನು ಹನ್ನೆರಡು ಸೆಕೆಂಡಿನಲ್ಲಿ ಮುಚ್ಚಿ, ಮುದ್ರಣಕ್ಕೆ ಕಳಿಸಿ, ಮುಂದಿನ ನಂಬರು ಹಾಕಿದೆ. ಆವತ್ತಿನಿಂದ ನನಗೆ ಸಿಹಿ ಸಿಹಿ ಅನಿಸುವುದಿಲ್ಲ, ಖಾರ ಖಾರ ಅನಿಸುವುದಿಲ್ಲ. ಅಳು ಬರಲಿಲ್ಲ. ಬಂದಿದ್ದರೆ ಒಳ್ಳೆಯದಿತ್ತೇನೋ.

ದಾವಲಸಾಬ್ ಎಂಬ ಮುದುಕ ನನ್ನ ಮೇಜಿನ ಮುಂದೆ ಬಂದು ನಿಂತದ್ದು ಒಂದು ಸೋಮವಾರ. ತಲೆಯ ಮೇಲೆ ಬಿಳಿ ಟೋಪಿ, ಕೈಯಲ್ಲಿ ನಾಲ್ಕು ಮಡಿಕೆಯ ಕಾಗದ. ಹೆಂಡತಿ ಜೈತೂನಬಿಯ ಪ್ರತಿ ಅದು, ನಾನೇ ತೆಗೆದುಕೊಟ್ಟದ್ದು. ಅವತ್ತಿಗೆ ಆಕೆ ತೀರಿಕೊಂಡು ಮೂವತ್ತೆಂಟು ದಿನ. ಕೂರಲು ಹೇಳಿದರೂ ಕೂರಲಿಲ್ಲ.

"ಅಕ್ಕಾರ, ಇದು ಪೂರ್ತಿ ಇಲ್ಲರಿ. ಹದಿನೇಳಕ್ಕ ನಿಂತೈತಿ," ಎಂದರು.

ನೋಡಿದೆ. ಮಾಮೂಲಿನ ಹಾಗೆ ಪಟ್ಟಿ ಬಿಗಿ, ನೀರು, ಫ್ಯಾನು. ಆಮೇಲೆ ಎಣಿಕೆ. ಏಕ್, ದೋ, ತೀನ್ ಎಂದು ಶುರುವಾಗಿ ಸತ್ರಾದ ಹತ್ತಿರ ಮುಗಿದಿತ್ತು. ಎಲ್ಲರಿಗೂ ಹೇಳುವ ಉತ್ತರವನ್ನೇ ಹೇಳಿದೆ. ಜೀವ ಹೋಗುವ ಹೊತ್ತಿಗೆ ಯಾರ ಮಾತೂ ಪೂರ್ತಿಯಾಗುವುದಿಲ್ಲ, ಇದ್ದದ್ದೇ ಇಷ್ಟು.

ಅವರು ಸಿಟ್ಟಾಗಲಿಲ್ಲ. ಮಗುವಿಗೆ ಲೆಕ್ಕ ಹೇಳಿಕೊಡುವ ದನಿಯಲ್ಲಿ ಹೇಳಿದರು: "ಆಕಿ ನಲವತ್ತು ವರ್ಷ ಬೀಡಿ ಕಟ್ಯಾಳರಿ. ಇಪ್ಪತ್ತೈದು ಬೀಡಿಗೆ ಒಂದು ಕಟ್ಟು. ಮನಿಗೆ ಬೆಂಕಿ ಬಿದ್ದರೂ ಹದಿನೇಳಕ್ಕ ಏಳಾಕಿ ಅಲ್ಲ. ಮತ್ತ ಪಟ್ಟಿ ಕಟ್ಟಿಕೊಂಡು ಮಲಗಿದ್ದು ಎಪ್ಪತ್ತೊಂದು ದಿನ. ಎಪ್ಪತ್ತೊಂದು ದಿನದಾಗ ಹದಿನೇಳಽ ಬೀಡಿ ಕಟ್ಟಿದ್ಲೇನ್ರಿ?"

ನಾಡಿದ್ದು ನಲವತ್ತು, ಅಷ್ಟರೊಳಗೆ ಪೂರ್ತಿ ಕೊಡಿ ಎಂದು ಹೇಳಿ ಅವರು ಕಾಗದವನ್ನು ನನ್ನ ಮೇಜಿನ ಮೇಲೆಯೇ ಬಿಟ್ಟು ಹೋದರು.

ಸೋಮವಾರ ನಮ್ಮ ಮನೆಯಲ್ಲಿ ಫ್ಯಾನು ಹಚ್ಚುವ ದಿನ. ಮನೆಗೆ ಬಂದಾಗ ನನ್ನ ಅತ್ತೆ ಬಸಲಿಂಗವ್ವ ಆಗಲೇ ಮಗನ ಫೋಟೋದ ಮುಂದೆ ನೀರಿಟ್ಟು ಟೇಬಲ್ ಫ್ಯಾನು ತಿರುಗಿಸಿ ಕೂತಿದ್ದರು. ಫೋಟೋಕ್ಕೆ ಹಾಕಿದ ಗಂಧದ ಹಾರ ಗಾಳಿಗೆ ಟಪಟಪ ಬಡಿಯುತ್ತಿತ್ತು. ಅತ್ತೆಗೆ ಎಂಬತ್ತು ದಾಟಿದೆ, ಕಿವಿ ಮಂದ, ಆದರೆ ಸೋಮವಾರ ಮರೆಯುವುದಿಲ್ಲ. ನಾನೂ ಪಕ್ಕದಲ್ಲಿ ಕೂತು ರೊಟ್ಟಿ ಮುರಿದೆ. ಆಸ್ಪತ್ರೆಯಲ್ಲಿ ಗಂಡನಿಗೆ ಪಟ್ಟಿ ಕಟ್ಟಿದ ದಿನ ನೆನಪಾಯಿತು.

ಆವತ್ತು ಮೇ ತಿಂಗಳ ಬಿಸಿಲು, ಮೈ ಬೆವರುವ ಶೆಕಿ. ಪಟ್ಟಿಯ ಅಂಟು ಹಿಡಿಯುವ ತನಕ ಇಪ್ಪತ್ತು ನಿಮಿಷ ಫ್ಯಾನು ಹಾಕಬಾರದು, ಗಾಳಿಗೆ ಅಂಚು ಏಳುತ್ತದೆ, ನೀರನ್ನೂ ಕೊಡಬಾರದು ಎಂದು ನರ್ಸು ಹೇಳಿದ್ದಳು. ಇಪ್ಪತ್ತು ನಿಮಿಷ ಆದೊಡನೆ ನಾನೇ ಎದ್ದು ಫ್ಯಾನು ಹಚ್ಚಿದೆ, ನಳಿಕೆಯಲ್ಲಿ ನೀರು ಬಿಟ್ಟೆ. ಅಲ್ಲಿಂದ ಮುಂದೆ ನೂರ ಮೂರು ದಿನವೂ ಅದೇ ನನ್ನ ಸೇವೆ. ಅತ್ತೆ ಆಗ ಮಾತ್ರ ಗಂಟುಬಿದ್ದಿದ್ದರು, ಅವನ ಜೊತೆ ಏನಾದರೂ ಮಾತಾಡವ್ವ, ಕೇಳತಾನ ಅಂತ. ನಾನು ನಮ್ಮ ಆಫೀಸಿನ ಜ್ಞಾನ ಹೇಳಿದೆ. ಇಂಥವರಿಗೆ ಮಾತು ಬೇಕಾಗುವುದಿಲ್ಲ ಅತ್ತೆ, ಸಾವಿರಾರು ಪ್ರತಿ ನೋಡಿದ್ದೇನೆ, ನೀರು ಮತ್ತು ಗಾಳಿ ಕೊಟ್ಟರೆ ಸಾಕು. ಊರಿನ ಆಸ್ಪತ್ರೆಗಳಲ್ಲೆಲ್ಲ ಆಗ ಹೀಗೇ ಇತ್ತು. ರೋಗಿಯ ಪಕ್ಕ ಮಾತು ನಿಂತುಹೋಗಿತ್ತು. ಜನ ಬರುತ್ತಿದ್ದರು, ನೀರು ಕೊಡುತ್ತಿದ್ದರು, ಫ್ಯಾನು ಇದೆಯೇ ಎಂದು ತಲೆಯೆತ್ತಿ ನೋಡುತ್ತಿದ್ದರು, ಹೋಗುತ್ತಿದ್ದರು.

ಮರುದಿನ ಆಫೀಸಿಗೆ ಹೋದವಳೇ ಜೈತೂನಬಿಯ ನಂಬರು ಹಾಕಿದೆ. ದಾಖಲೆ ಕೊಡು ಎಂದು ಕೇಳಲಿಲ್ಲ. ದಾಖಲೆ ಎಷ್ಟು ಉದ್ದವಿದೆ ಎಂದು ಮಾತ್ರ ಕೇಳಿದೆ. ಹನ್ನೊಂದು ವರ್ಷದಲ್ಲಿ ನಮ್ಮಲ್ಲಿ ಯಾರೂ ಆ ಪ್ರಶ್ನೆ ಕೇಳಿರಲಿಲ್ಲ. ಕೇಳಲು ಕಾರಣವೇ ಇರಲಿಲ್ಲ, ಕೊನೆ ಕಣ್ಣಿಗೇ ಕಾಣುತ್ತಿತ್ತಲ್ಲ. ಉತ್ತರ ಬಂತು: ಮೂವತ್ತೇಳು ಲಕ್ಷದ ನಲವತ್ತಾರು ಸಾವಿರ ಅಕ್ಷರ. ತಪ್ಪಿರಬೇಕೆಂದು ಮತ್ತೊಮ್ಮೆ ಕೇಳಿದೆ. ಅದೇ ಬಂತು. ಎಂದಿನಂತೆ ದಾಖಲೆಯನ್ನು ಪರದೆಗೆ ತರಿಸಿ, ನನ್ನ ಕೈಯ ಟ್ಯಾಗು ಬೀಳುವ ಮುಂಚೆ ಅಳೆದೆ. ಎಂಟು ಸಾವಿರದ ನೂರ ತೊಂಬತ್ತೆರಡು. ಹಿಂದಿನ ವಾರದ ಇನ್ನೊಂದನ್ನು ಅಳೆದೆ. ಎಂಟು ಸಾವಿರದ ನೂರ ತೊಂಬತ್ತೆರಡು. ಹಾವೇರಿಯ ಮುದುಕಿ, ಬೀದರಿನ ಡ್ರೈವರ್, ಕಾರವಾರದ ಮೀನುಗಾರ, ಎಲ್ಲರೂ ಸರಿಯಾಗಿ ಅಷ್ಟೇ ಅಕ್ಷರಕ್ಕೆ ಸತ್ತಿದ್ದರು.

ಬೀರುವಿನಲ್ಲಿ ಡೇಟಾಬೇಸಿನ ಕೈಪಿಡಿ ಇತ್ತು. ಅದರ ಪ್ಲಾಸ್ಟಿಕ್ ಹೊದಿಕೆಯನ್ನೇ ಯಾರೂ ಬಿಚ್ಚಿರಲಿಲ್ಲ. ಪ್ರತಿ ವರ್ಷ ಆಯುಧಪೂಜೆಯಲ್ಲಿ ಹೊದಿಕೆಯ ಮೇಲೆಯೇ ಕುಂಕುಮ ಹಚ್ಚುತ್ತಿದ್ದೆವು, ಹನ್ನೊಂದು ಬೊಟ್ಟು ಒಂದರ ಮೇಲೊಂದು ಕೂತಿದ್ದವು. ಬಿಚ್ಚಿ ಓದಿದೆ. ಇನ್ನೂರ ಹದಿನಾಲ್ಕನೇ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಒಂದೇ ಸಾಲು: ಫಲಿತಾಂಶವನ್ನು ಪಠ್ಯವಾಗಿ ಪರದೆಗೆ ತಂದರೆ ಮೊದಲ ಎಂಟು ಸಾವಿರದ ನೂರ ತೊಂಬತ್ತೆರಡು ಅಕ್ಷರ ಮಾತ್ರ ತೋರಿಸಲಾಗುವುದು. ಡೇಟಾಬೇಸಿನ ತಪ್ಪಿಲ್ಲ. ಅದು ಎಲ್ಲವನ್ನೂ ಹಿಡಿದಿಟ್ಟುಕೊಂಡಿತ್ತು, ನಮ್ಮ ಪರದೆ ಕತ್ತರಿಸುತ್ತಿತ್ತು. ಪರದೆ ಕತ್ತರಿಸಿದ್ದನ್ನು ನಾವು ಸಾವು ಅಂದುಕೊಂಡು ನೀಟಾಗಿ ಮುಚ್ಚುತ್ತಿದ್ದೆವು. ಮುಚ್ಚದೆ ಹಾಗೇ ಬಿಟ್ಟಿದ್ದರೆ ಯಂತ್ರವೇ ಹಟ ಹಿಡಿದು ಮೊದಲ ವಾರದಲ್ಲೇ ತಪ್ಪು ಹೊರಬೀಳುತ್ತಿತ್ತು.

ಅಕ್ಷರಗಳಲ್ಲಿ ಮುಕ್ಕಾಲುಪಾಲು ಟ್ಯಾಗುಗಳಿಗೇ ಹೋಗುತ್ತಿತ್ತು, ಉಳಿಯುತ್ತಿದ್ದದ್ದು ನೂರಿಪ್ಪತ್ತು ಪದ. ಹದಿಮೂರು ಅಂಕಿಯ ಹೊತ್ತನ್ನು ಮೊದಲ ಸಲ ಬಿಡಿಸಿ ನೋಡಿದೆ. ಪಟ್ಟಿ ಕಟ್ಟಿದ ಕ್ಷಣದಿಂದ ಹದಿನೆಂಟು ನಿಮಿಷ. ಇನ್ನೊಬ್ಬರದು ಹತ್ತೊಂಬತ್ತು. ಮತ್ತೊಬ್ಬರದು ಹದಿನೈದು. ಎಲ್ಲರದೂ ಆ ಇಪ್ಪತ್ತು ನಿಮಿಷದೊಳಗೆ, ಅಂಟು ಹಿಡಿಯಲೆಂದು ಫ್ಯಾನು ನಿಲ್ಲಿಸಿ, ನೀರು ತಡೆದು, ತಲೆಗೆ ಬಿಗಿಯಾಗಿ ಪಟ್ಟಿ ಒತ್ತಿ ಹಿಡಿದಿದ್ದ ಹೊತ್ತಿನೊಳಗೆ. ನಾವು ಊರಿಗೆಲ್ಲ ಹಂಚಿದ್ದು ಕೊನೆಯ ಮಾತಲ್ಲ, ಮೊದಲ ಇಪ್ಪತ್ತು ನಿಮಿಷದ ಗೊಣಗಾಟ.

ನನಗೆ ಆಗ ಏನೂ ಅನಿಸಲಿಲ್ಲ ಎಂದರೆ ನೀವು ನಂಬಬೇಕು. ಎದ್ದು ಹೋಗಿ ಚಹಾ ಕುಡಿದು ಬಂದೆ.

ಕೈಪಿಡಿಯ ಮುಂದಿನ ಪುಟದಲ್ಲೇ ಉಪಾಯವೂ ಇತ್ತು. ಪರದೆಗೆ ಬೇಡ, ನೇರವಾಗಿ ಫೈಲಿಗೆ ಬರೆ ಎನ್ನಬೇಕು. ಪಠ್ಯವಾಗಿ ಬೇಡ, ಎಕ್ಸ್‌ಎಂಎಲ್ ದಸ್ತಾವೇಜಾಗಿಯೇ ಕೊಡು ಎನ್ನಬೇಕು, ಆಗ ಡೇಟಾಬೇಸು ತಾನೇ ಎಲ್ಲ ಟ್ಯಾಗುಗಳನ್ನೂ ಮುಚ್ಚಿ ಕೊಡುತ್ತದೆ. ಹಾಗೇ ಮಾಡಿದೆ. ಪೂರ್ತಿ ಬಂತು, ಆದರೆ ಮೂವತ್ತೇಳು ಲಕ್ಷ ಅಕ್ಷರ ಒಂದೇ ಸಾಲಿನಲ್ಲಿ ಬಂತು. ತೆರೆಯಲು ಹೋದರೆ ಕಂಪ್ಯೂಟರು ಎರಡು ಸಲ ನಿಂತುಹೋಯಿತು. ಇದ್ದೂ ಇಲ್ಲದ ಹಾಗೆ. ನಾಡಿ, ಉಸಿರು, ಹೊತ್ತಿನ ಅಂಕಿಗಳನ್ನು ಬಿಡು, ಗಂಟೆಗೊಂದು ಸಾಲು ಮುರಿ, ಒಳಗಿನದನ್ನು ಸ್ವಲ್ಪ ಒಳಕ್ಕೆ ಸರಿಸಿ ಬರೆ ಎಂದು ಕ್ವೆರಿಯನ್ನು ಬದಲಿಸಿದೆ. ಮೂರನೇ ಸಲಕ್ಕೆ ಮನುಷ್ಯರು ಓದುವಂಥದ್ದು ಬಂತು.

ಹದಿನೇಳರ ಕೆಳಗೆ ಹದಿನೆಂಟು ಇತ್ತು. ಅಠ್ರಾ, ಉನ್ನೀಸ್, ಬೀಸ್. ಇಪ್ಪತ್ತೈದಕ್ಕೆ ಬಂದು ಎಣಿಕೆ ನಿಂತಿತ್ತು, ಮತ್ತೆ ಏಕ್‌ನಿಂದ ಶುರುವಾಗಿತ್ತು.

ಗುರುಪಾದಪ್ಪನವರನ್ನು ಕರೆದು ತೋರಿಸಿದೆ. ಅವರಿಗೆ ನಿವೃತ್ತಿಗೆ ಐದು ತಿಂಗಳಿತ್ತು. ನಿಂತುಕೊಂಡೇ ಓದಿದರು, ಆಮೇಲೆ ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಳ್ಳಲಿಲ್ಲ. ಇದು ಒಬ್ಬರದಾ, ಎಲ್ಲರದಾ ಎಂದು ಕೇಳಿದರು. ಎಲ್ಲರದು ಎಂದೆ. ಹನ್ನೊಂದು ವರ್ಷದಲ್ಲಿ ಎಂಬತ್ತು ಸಾವಿರ ಮನೆಗೆ ಪ್ರತಿ ಹೋಗಿತ್ತು. ಅವರು ಬಾಗಿಲು ಹಾಕಿ ಬಂದು ಎದುರು ಕೂತರು.

"ನೀಲವ್ವ, ಜನಾ ನುಂಗಿ ಆಗೇತಿ. ಅರಗಿಸಿಕೊಂಡೂ ಆಗೇತಿ. ಈಗ ಮತ್ತ ಯಾಕ ಕಾರಸ್ತಿ?"

ಅವರು ಕೆಟ್ಟವರಲ್ಲ. ಹೆದರಿದ್ದರು. ಮುಚ್ಚುವುದನ್ನು ಕಲಿಸಿದವರು ಅವರೇ ಅಲ್ಲವೇ. ಮುದುಕ ಬಿಟ್ಟುಹೋದ ಕಾಗದವನ್ನು ಅವರ ಮುಂದಿಟ್ಟೆ. ಈ ಮನುಷ್ಯ ನಾಳೆ ಬರುತ್ತಾನೆ, ಪೂರ್ತಿ ಕೊಡುತ್ತೇನೆ, ಇನ್ನು ಮೇಲೆ ಬಂದವರಿಗೆಲ್ಲ ಪೂರ್ತಿಯೇ, ಹಳೆಯವರು ಕೇಳಿದರೆ ಅವರಿಗೂ ಎಂದೆ. ಅವರು ಬೇಡ ಅನ್ನಲಿಲ್ಲ, ಆಗಲಿ ಎಂದೂ ಅನ್ನಲಿಲ್ಲ. ಹೋಗುವಾಗ ಬಾಗಿಲಲ್ಲಿ ನಿಂತು, "ನಮ್ಮವ್ವಂದು ಮಾತ್ರ ತಗೀಬ್ಯಾಡ," ಎಂದರು.

ದಾವಲಸಾಬರ ಪ್ರತಿ ನೂರ ಅರವತ್ತು ಪುಟ ಆಯಿತು. ಬುಧವಾರ ಬೆಳಗ್ಗೆ ಬಂದವರು ಈ ಸಲ ಕೂತರು. ಅವರಿಗೆ ಓದಲು ಬರುತ್ತಿರಲಿಲ್ಲ, ಮೊದಲ ಪ್ರತಿಯನ್ನು ಮನೆಯಲ್ಲಿ ಓದಿಸಿಕೊಂಡಿದ್ದರಂತೆ. ಈಗ ಬೆರಳಿಟ್ಟು ತೋರಿಸುತ್ತ ನಾನೇ ಓದಿದೆ. ಎಪ್ಪತ್ತೊಂದು ದಿನವೂ ಆಕೆ ಬೀಡಿ ಕಟ್ಟಿದ್ದಳು. ಪೂರ್ತಿ ಕಟ್ಟುಗಳು ಸಾವಿರದ ಒಂಬೈನೂರ ಎರಡು. ಕಟ್ಟು ಕಟ್ಟಿಗೂ ನಡುವೆ ಬೇರೆ ಮಾತುಗಳಿದ್ದವು. ಎಲೆ ಒಣಗಿದೆ, ನೀರು ಚಿಮುಕಿಸಬೇಕು. ಮೊಮ್ಮಗಳ ಜ್ವರ ಇಳಿಯಿತೋ ಇಲ್ಲವೋ. ಮುದುಕ ಚಹಾ ಕುಡಿದನೋ ಇಲ್ಲವೋ ಎಂಬುದಂತೂ ದಿನಕ್ಕೆ ಎರಡು ಸಲ, ತಪ್ಪದೆ. ಅಲ್ಲಿಗೆ ಬಂದಾಗೆಲ್ಲ ದಾವಲಸಾಬರು ಕುಡಿದೀನಿ ಎನ್ನುವ ಹಾಗೆ ತಲೆ ಆಡಿಸುತ್ತಿದ್ದರು.

ಕೊನೆಯ ಪುಟಕ್ಕೆ ಬಂದಾಗ ನನ್ನ ದನಿ ನಿಧಾನವಾಯಿತು. ಕೊನೆಯ ಕಟ್ಟು ಪೂರ್ತಿಯಾಗಿರಲಿಲ್ಲ. ಸಾತ್, ಆಠ್, ನೌ. ಒಂಬತ್ತಕ್ಕೆ ನಿಂತಿತ್ತು. ಅದರ ಕೆಳಗೆ ಮುಚ್ಚುವ ಟ್ಯಾಗುಗಳು ಸಾಲಾಗಿ ಇದ್ದವು, ನಾನು ಹೊಡೆದದ್ದಲ್ಲ. ಮುದುಕ ಮತ್ತೆ ತಕರಾರು ತೆಗೆಯುತ್ತಾರೆ ಎಂದುಕೊಂಡು, ಇದರ ಮುಂದೆ ನಿಜವಾಗಿಯೂ ಏನೂ ಇಲ್ಲ ಅಜ್ಜಾರ ಎಂದೆ.

ಅವರು ಆ ಒಂಬತ್ತರ ಮೇಲೆ ಬೆರಳಿಟ್ಟರು. "ಇದು ಖರೇ ಐತಿ," ಎಂದರು. "ಇದು ಆಕಿ ಬಿಟ್ಟದ್ದು, ಅಕ್ಕಾರ. ಹದಿನೇಳಕ್ಕ ನೀವು ಬಿಡಿಸಿದ್ರಿ."

ಬೈದು ಹೇಳಿದ ಮಾತಲ್ಲ ಅದು. ಕಾಗದಗಳನ್ನು ಬಿಳಿ ವಸ್ತ್ರದಲ್ಲಿ ಕಟ್ಟಿಕೊಂಡು, ನನಗೆ ಕೈಮುಗಿದು ಹೋದರು. ಆದರೆ ನನ್ನೊಳಗೆ ನಾಲ್ಕು ವರ್ಷದಿಂದ ಮರಗಟ್ಟಿದ್ದ ಎಲ್ಲೋ ಒಂದು ಕಡೆ ಜೋಮು ಬಿಡುವಾಗಿನ ಚುಚ್ಚು ಶುರುವಾಯಿತು. ನನಗೆ ಆಸೆಯಾಯಿತು. ಬಿಟ್ಟು ಹೇಳುತ್ತೇನೆ, ನಾಚಿಕೆಯಿಲ್ಲದ ಆಸೆ. ವಿರೂಪಾಕ್ಷಪ್ಪನವರ ನಂಬರು ನನಗೆ ಬಾಯಿಪಾಠ ಇತ್ತು. ಉದ್ದ ಕೇಳಿದೆ. ಐವತ್ತೆಂಟು ಲಕ್ಷ. ಓದುವ ಧೈರ್ಯ ಆಗಲಿಲ್ಲ. ಅದಕ್ಕೆ ಡೇಟಾಬೇಸನ್ನು ಒಂದೇ ಕೇಳಿದೆ: ಇದರಲ್ಲಿ ನೀಲಾ ಎಂಬ ಪದ ಎಷ್ಟು ಸಲ ಇದೆ?

ಎರಡು ಸಾವಿರದ ಆರುನೂರ ನಲವತ್ತೊಂದು.

ಮುಖ ಬಿಸಿಯಾಯಿತು. ಸುತ್ತ ಯಾರಾದರೂ ನೋಡುತ್ತಿದ್ದಾರೆಯೇ ಎಂದು ತಿರುಗಿ ನೋಡಿದೆ, ಹೊಸ ಮದುವಣಗಿತ್ತಿಯ ಹಾಗೆ. ನೂರ ಮೂರು ದಿನಕ್ಕೆ ಎರಡು ಸಾವಿರದ ಆರುನೂರು. ದಿನಕ್ಕೆ ಇಪ್ಪತ್ತೈದು ಸಲಕ್ಕಿಂತ ಹೆಚ್ಚು. ನಾಲ್ಕು ವರ್ಷ ನಾನು ಯಾರ ಮೇಲೆ ಒಳಗೊಳಗೇ ಮುನಿಸಿಕೊಂಡು ರೊಟ್ಟಿ ತಟ್ಟಿದೆನೋ ಆ ಮನುಷ್ಯ ನನ್ನನ್ನಲ್ಲದೆ ಬೇರೇನನ್ನೂ ನೆನೆದಿರಲಿಲ್ಲ. ಆ ಸಂತೋಷ ಎಷ್ಟು ಹೊತ್ತು ಇತ್ತು ಎಂದರೆ, ದಾಖಲೆ ಫೈಲಿಗೆ ಬರೆದು ಮುಗಿಯುವಷ್ಟು ಹೊತ್ತು. ಸುಮಾರು ಒಂದೂವರೆ ನಿಮಿಷ. ಅದನ್ನು ನಾನು ಇವತ್ತಿಗೂ ಬೇರೆಯಾಗಿ ಎತ್ತಿಟ್ಟುಕೊಂಡಿದ್ದೇನೆ.

ಆಮೇಲೆ ಗಂಟೆಗೊಂದು ಸಾಲು, ಸ್ವಚ್ಛವಾಗಿ, ಓದಲು ಸುಲಭವಾಗಿ ಬಂತು.

ಮೊದಲ ವಾರ ಬಿಸಿಲು, ಮಗ್ಗಗಳು, ಯಾವುದೋ ಒಂದು ಗಾಲಿ ಸವೆದದ್ದು. ನೀಲಾ ಬಂದ್ಲು. ನೀಲಾ ಕುಂತಾಳ. ನೀಲಾ ಏನರ ಮಾತಾಡವಲ್ಲಳು. ಎರಡನೇ ವಾರ ಮಳೆ ಬಿದ್ದು ಹವೆ ತಂಪಾಯಿತು. ಹದಿನಾಲ್ಕನೇ ದಿನ ಮೊದಲ ಸಲ ಆ ಮಾತು ಇತ್ತು. "ನೀಲಾ, ಫ್ಯಾನ್ ಬಂದ್ ಮಾಡು. ಥಂಡಿ ಆಗತೈತಿ." ಅದರ ಮುಂದಿನ ಗಂಟೆಯಲ್ಲೂ ಅದೇ. ಮರುದಿನವೂ ಅದೇ. ಜೂನ್ ಪೂರ್ತಿ ಅದೇ. ಆಷಾಢದಲ್ಲಿ ಗದುಗಿನ ಗಾಳಿ ಹೇಗೆ ಬೀಸುತ್ತದೆಂದು ಇಲ್ಲಿಯವರಿಗೆ ಗೊತ್ತು, ಕಿಟಕಿ ಮುಚ್ಚಿದ್ದರೂ ಮೈ ನಡುಗುತ್ತದೆ. ಆ ಗಾಳಿಯಲ್ಲಿ ಅವರ ತಲೆಯ ಮೇಲೆ ಫ್ಯಾನು ಐದರಲ್ಲಿ ತಿರುಗುತ್ತಿತ್ತು. ನಾನು ಸೆರಗು ಹೊದ್ದು ಪಕ್ಕದಲ್ಲಿ ಕೂತಿದ್ದೆ. ನರ್ಸು ಒಮ್ಮೆ ಆರಿಸಿದಾಗ ಜಗಳವಾಡಿ ಮತ್ತೆ ಹಾಕಿಸಿದವಳೂ ನಾನೇ. ನನಗೆ ಗೊತ್ತಿತ್ತಲ್ಲ, ಸಾವಿರಾರು ಪ್ರತಿ ನೋಡಿದವಳು.

ಬಂದ್ ಮಾಡು ಎಂಬುದು ಎಷ್ಟು ಸಲ ಇದೆ ಎಂದು ಕೇಳಿದೆ. ಯಾಕೆ ಕೇಳಿದೆನೋ. ಎರಡು ಸಾವಿರದ ಮುನ್ನೂರ ಹದಿನೆಂಟು.

ಸಾಲುಗಳನ್ನು ಒಂದೂ ಬಿಡದೆ ಕೊನೆಯ ದಿನದವರೆಗೆ ಇಳಿಸಿದೆ. ನೂರ ಮೂರನೇ ದಿನ, ಬೆಳಗಿನ ಒಂಬತ್ತು ಗಂಟೆಯ ಸಾಲು. ಆ ಹೊತ್ತಿಗೆ ನಾನು ಅಲ್ಲೇ ಇದ್ದೆ, ಆಫೀಸಿಗೆ ಹೊರಡುವ ಮುಂಚೆ ಫ್ಯಾನು ಇದೆಯೇ ಎಂದು ತಲೆಯೆತ್ತಿ ನೋಡಿದ್ದು ನೆನಪಿದೆ. ಅಲ್ಲಿ ಹೀಗೆ ಇತ್ತು:

"ನೀಲಾ, ಬಂದ್ ಮಾಡು. ಇರ್ಲಿ ಬಿಡು. ಆಕಿಗೆ ಶೆಕಿ ಆಗತಿರಬೇಕು."

ಅದರ ಕೆಳಗೆ ಪದ ಮುಚ್ಚಿತ್ತು, ಗಂಟೆ ಮುಚ್ಚಿತ್ತು, ದಿನ ಮುಚ್ಚಿತ್ತು, ರೋಗಿ ಮುಚ್ಚಿತ್ತು. ನಾನು ಮಾಡುವುದು ಏನೂ ಉಳಿದಿರಲಿಲ್ಲ.

ಸಂಜೆ ಹೊರಡುವ ಮೊದಲು ನೋಟೀಸ್ ಬೋರ್ಡಿನ ಮೇಲೆ ಒಂದು ಕಾಗದ ಅಂಟಿಸಿದೆ. ಈವರೆಗೆ ಪಡೆದ ಪ್ರತಿಗಳು ಅಪೂರ್ಣ, ಬೇಕಾದವರು ಪೂರ್ತಿ ಪ್ರತಿ ಪಡೆಯಬಹುದು. ಕೆಳಗೆ ನನ್ನ ಸಹಿ. ಬೇಕಾದವರು ಎಂಬ ಪದವನ್ನು ಬರೆಯುವಾಗ ಕೈ ತಡೆಯಿತು, ಆದರೂ ಬರೆದೆ. ಮುಂದಿನ ತಿಂಗಳುಗಳಲ್ಲಿ ಬಂದವರೂ ಇದ್ದಾರೆ, ಮೆಟ್ಟಿಲ ತನಕ ಬಂದು ಮರಳಿದವರೂ ಇದ್ದಾರೆ. ಗುರುಪಾದಪ್ಪ ನಿವೃತ್ತರಾಗುವ ತನಕ ಆ ಕಾಗದದ ಮುಂದೆ ಹಾದುಹೋಗುವಾಗ ಎಡಕ್ಕೆ ಮುಖ ತಿರುಗಿಸಿಕೊಂಡು ಹೋದರು. ನಾನು ಅವರನ್ನು ದೂರುವುದಿಲ್ಲ.

ಮುಂದಿನ ಸೋಮವಾರ ಅತ್ತೆ ಎಂದಿನಂತೆ ನೀರಿಟ್ಟು ಫ್ಯಾನು ಹಚ್ಚಿ ಕೂತಿದ್ದರು. ನಾನು ಚೀಲ ಇಳಿಸದೆ ನೇರವಾಗಿ ಹೋಗಿ ಸ್ವಿಚ್ಚು ಆರಿಸಿದೆ. ರೆಕ್ಕೆಗಳು ಸುತ್ತಿ ಸುತ್ತಿ ನಿಂತವು. ಹಾರ ಫೋಟೋಕ್ಕೆ ಒರಗಿ ಸುಮ್ಮನಾಯಿತು. ಅತ್ತೆ ನನ್ನ ಮುಖ ನೋಡಿದರು. ಮಗನಿಗೆ ಬೇಕಾದ ಗಾಳಿಯನ್ನು ಯಾಕೆ ನಿಲ್ಲಿಸಿದೆ ಎಂದು ಕೇಳುತ್ತಾರೆ, ಆಗ ಎಲ್ಲ ಹೇಳಿಬಿಡಬೇಕು ಎಂದು ಮಾತು ಜೋಡಿಸಿಕೊಳ್ಳುತ್ತಿದ್ದೆ. ಅವರು ಅದನ್ನು ಕೇಳಲಿಲ್ಲ.

"ಶೆಕಿ ಆಗೂದಿಲ್ಲೇನವ್ವ ನಿನಗ?" ಎಂದರು.

ನಾನು ಅವರ ಪಕ್ಕದಲ್ಲಿ ಕೂತೆ. ಮಂದವಾದ ಆ ಕಿವಿಗೆ ಕೇಳಿಸುವ ಹಾಗೆ, ಫೋಟೋಕ್ಕೂ ಕೇಳಿಸುವ ಹಾಗೆ, ಗಟ್ಟಿಯಾಗಿ ಹೇಳಿದೆ.

"ಇಲ್ರಿ ಅತ್ತಿ. ನನಗ ಅವಾಗೂ ಆಗಿದ್ದಿಲ್ಲ."